ಸೀಲ್ ಒಡೆದ ಗೇಮ್ ವಾಪಸ್ ತೆಗೆದುಕೊಂಡೂ ಅಂಗಡಿ ನಡೆಸಬಹುದು: ನನ್ನ ಅನುಭವ

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಸಣ್ಣ ಗೇಮ್ ಅಂಗಡಿ. ಇಷ್ಟವಾಗದ ಗೇಮನ್ನು ಆಡಿ ನೋಡಿದ ಮೇಲೂ ವಾಪಸ್ ತೆಗೆದುಕೊಳ್ಳುತ್ತೇನೆ. ಶುರು ಮಾಡಿದಾಗ ಬೆಂಗಳೂರಿನ ಹೋಲ್‌ಸೇಲ್‌ನವರೊಬ್ಬರು "ಆರು ತಿಂಗಳಲ್ಲಿ ಶಟರ್ ಎಳೀತೀಯ ಕಣಪ್ಪ" ಅಂದಿದ್ದರು. ನಾಲ್ಕು ವರ್ಷದ ಮೇಲಾಯಿತು. ಈಗ ಅವರ ಕಡೆಯ ಅಂಗಡಿಯವರೇ ಫೋನ್ ಮಾಡಿ ಹೇಗೆ ಅಂತ ಕೇಳುತ್ತಾರೆ.

ಇದು ತಲೆಗೆ ಹೊಕ್ಕಿದ್ದು 2020ರ ಡಿಸೆಂಬರ್‌ನಲ್ಲಿ. ಸೈಬರ್‌ಪಂಕ್ 2077 ಎಂಬ ಗೇಮ್ ಸೋನಿಯ ಹಳೇ ಗೇಮ್ ಯಂತ್ರ ಪಿಎಸ್4ನಲ್ಲಿ ಎಷ್ಟು ಕೆಟ್ಟದಾಗಿ ಓಡುತ್ತಿತ್ತು ಅಂತ ನಿಮಗೆಲ್ಲ ನೆನಪಿರುತ್ತದೆ. ಸೋನಿ ಅದನ್ನು ತನ್ನ ಸ್ಟೋರಿನಿಂದಲೇ ತೆಗೆದು, ಕೊಂಡವರಿಗೆ ಹಣ ವಾಪಸ್ ಕೊಟ್ಟಿತು. ಆಗ ಗಿರಾಕಿಗಳು ಕೇಳಿದ ಪ್ರಶ್ನೆ ಒಂದೇ. ಆನ್‌ಲೈನ್‌ನಲ್ಲಿ ಕೊಂಡವನಿಗೆ ದುಡ್ಡು ವಾಪಸ್, ನಿಮ್ಮ ಹತ್ತಿರ ಡಿಸ್ಕ್ ಕೊಂಡವನಿಗೆ ಯಾಕಿಲ್ಲ ಅಣ್ಣ? ನ್ಯಾಯವಾದ ಪ್ರಶ್ನೆ. 2019ರ ಗ್ರಾಹಕ ಕಾಯ್ದೆ ದೋಷವಿರುವ ಸರಕಿನ ಮಾತಾಡುತ್ತದೆ: ಬಿಲ್ಲಿನಲ್ಲಿ ಹೇಳಿದ ಅವಧಿ, ಹೇಳದಿದ್ದರೆ 30 ದಿನ. ಸುಮ್ನೆ ಬೋರ್ ಆದ ಗೇಮ್ ಅದರೊಳಗೆ ಬರುವುದಿಲ್ಲ. ಅದನ್ನು ಅಂಗಡಿಯವರೇ ತೀರ್ಮಾನಿಸಬೇಕು. ಐದು ಸಾವಿರ ಕೊಟ್ಟು ಕೊಂಡ ಹುಡುಗನಿಗೆ ಅಷ್ಟೂ ಹಕ್ಕಿಲ್ಲ ಅಂದರೆ ಹೇಗೆ?

ಮೊದಲ ಸ್ಕೀಮ್ ಒಂದು ವಾರದೊಳಗೆ ಪೂರ್ತಿ ಹಣ ವಾಪಸ್ ಅಂತ ಇತ್ತು. ಚೆನ್ನಾಗಿಯೇ ಮುಳುಗಿತು. ಕಥೆಯ ಗೇಮ್‌ಗಳನ್ನು ಶುಕ್ರವಾರ ಸಂಜೆ ಒಯ್ದು, ಶನಿವಾರ ಭಾನುವಾರ ಕೂತು ಮುಗಿಸಿ, ಸೋಮವಾರ "ಇಷ್ಟ ಆಗಲಿಲ್ಲ" ಅಂತ ಡಬ್ಬ ಮುಂದಿಡುತ್ತಿದ್ದರು. ಒಂದೇ ಹಾಸ್ಟೆಲ್‌ನ ಹುಡುಗರು ಸರದಿ ಪ್ರಕಾರ ಒಯ್ಯುತ್ತಿದ್ದರು. ಎರಡು ಮೂರು ತಿಂಗಳಲ್ಲಿ ನಲವತ್ತು ಸಾವಿರದ ಹತ್ತಿರ ಕೈಬಿಟ್ಟಿತು. ಸೀಲ್ ಒಡೆದ ಡಿಸ್ಕ್‌ಗಳನ್ನು ಡಿಸ್ಟ್ರಿಬ್ಯೂಟರ್ ಮುಟ್ಟುವುದೂ ಇಲ್ಲ.

ದಾರಿ ಸಿಕ್ಕಿದ್ದು ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ನೋಡಿ. ಅವರು 2015ರಿಂದ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಕೊಡುತ್ತಿದ್ದಾರೆ. ದಿನ ಎಷ್ಟಾಯಿತು ಅನ್ನುವುದಕ್ಕಿಂತ ಆಡಿದ ಗಂಟೆ ಎಷ್ಟು ಅನ್ನುವುದು ಮುಖ್ಯ. ಪಿಎಸ್5 ಎಷ್ಟು ಹೊತ್ತು ಆಡಿದ್ದೀರಿ ಅಂತ ತಾನೇ ತೋರಿಸುತ್ತದೆ, ಆಟದಲ್ಲಿ ಎಲ್ಲಿವರೆಗೆ ಹೋಗಿದ್ದೀರಿ ಅಂತ ತಿಳಿಸುವ ಟ್ರೋಫಿ ಪಟ್ಟಿಯೂ ಇರುತ್ತದೆ. ಎರಡರ ಫೋಟೋ ತನ್ನಿ ಅನ್ನುತ್ತೇನೆ. ನನ್ನ ಲೆಕ್ಕ ಮೂರು ದಿನ, ಐದು ಗಂಟೆ. ದೊಡ್ಡ ಆರ್‌ಪಿಜಿಯಲ್ಲಿ, ಅಂದರೆ ಪಾತ್ರವೊಂದನ್ನು ಬೆಳೆಸುತ್ತಾ ಹೋಗುವ ಉದ್ದದ ಗೇಮ್‌ನಲ್ಲಿ, ಎರಡು ಗಂಟೆಗೆ ಕುದುರೆಯೂ ಸಿಕ್ಕಿರುವುದಿಲ್ಲ. ಹಾಗಿರುವಾಗ ಅದು ಇಷ್ಟವಾಯಿತೋ ಇಲ್ಲವೋ ಅಂತ ಹೇಗೆ ಹೇಳುವುದು?

ಸಣ್ಣ ಗೇಮ್‌ಗಳಿಗೆ ಮಾತ್ರ ಈ ಲೆಕ್ಕ ಅನ್ಯಾಯ. 2021ರಲ್ಲಿ ಸ್ಟೀಮ್‌ನಲ್ಲಿ ಎಮಿಕಾ ಗೇಮ್ಸ್ ಎಂಬ ಪುಟ್ಟ ಡೆವಲಪರ್‌ಗೆ ಹೀಗೇ ಆಯಿತು. ಅವರ ಗೇಮ್ ಎರಡು ಗಂಟೆಯೊಳಗೇ ಮುಗಿಯುತ್ತಿತ್ತು, ಜನ ಆಡಿ ಮುಗಿಸಿ ವಾಪಸ್ ಮಾಡಿದರು, ಅವರು ಗೇಮ್ ಮಾಡುವುದನ್ನೇ ನಿಲ್ಲಿಸುತ್ತೇವೆ ಅಂದರು. ಅದಕ್ಕೇ ಚಿಕ್ಕ ಗೇಮ್‌ಗಳನ್ನು ಕೊಡುವಾಗಲೇ ಬಿಲ್ಲಿನ ಮೇಲೆ "ವಾಪಸ್ ಇಲ್ಲ" ಅಂತ ಬರೆದು, ಬಾಯಲ್ಲೂ ಹೇಳುತ್ತೇನೆ.

ಇನ್ನು ದುಡ್ಡು. 4,999 ಎಂಆರ್‌ಪಿಯ ಗೇಮ್ ನನಗೆ ಹೆಚ್ಚುಕಮ್ಮಿ 4,300ಕ್ಕೆ ಬೀಳುತ್ತದೆ, 4,800ಕ್ಕೆ ಮಾರುತ್ತೇನೆ. ವಾಪಸ್ ಬಂದರೆ 4,200 ಕೊಡುತ್ತೇನೆ, ನಗದಲ್ಲ, ಅಂಗಡಿ ಕ್ರೆಡಿಟ್. ಅದೇ ಡಿಸ್ಕ್ ಒಂದು ವಾರದೊಳಗೆ 4,500ಕ್ಕೆ ಹೋಗುತ್ತದೆ. ಕ್ರೆಡಿಟ್ ಹಿಡಿದವನು ಇನ್ನೊಂದು ಗೇಮ್ ಒಯ್ಯುತ್ತಾನೆ, ಅಲ್ಲಿಯೂ ನಾಲ್ಕೈದು ನೂರು ಉಳಿಯುತ್ತದೆ. ಅವನಿಗೆ ಹೋಗಿದ್ದು 600. ಬೇಡದ ಗೇಮನ್ನು ಆನ್‌ಲೈನ್‌ನಲ್ಲಿ ಮಾರಲು ಹೋದರೆ ಚೌಕಾಸಿಯಲ್ಲೇ ಅದರ ಎರಡರಷ್ಟು ಹೋಗುತ್ತದೆ, ಅಲ್ವಾ? ವಾಪಸ್ ಬಂದದ್ದನ್ನು ಮೊದಲಿನ ಬಿಲ್ ರದ್ದು ಮಾಡದೆ ಹಳೇ ಸರಕಿನ ಖರೀದಿ ಅಂತ ಬರೆದುಕೊಳ್ಳುತ್ತೇನೆ. ಹಾಗಾದರೆ ಜಿಎಸ್‌ಟಿ ಮಾರ್ಜಿನ್ ಮೇಲೆ, ಅಂದರೆ ಕೊಂಡ ಮತ್ತು ಮಾರಿದ ಬೆಲೆಯ ವ್ಯತ್ಯಾಸದ ಮೇಲೆ ಮಾತ್ರ. ನಿಮ್ಮ ಆಡಿಟರ್‌ನ ಒಮ್ಮೆ ಕೇಳಿಕೊಂಡೇ ಮಾಡಿ.

ಡಿಸ್ಕನ್ನು ಟಾರ್ಚ್ ಹಿಡಿದು ನೋಡಲೇಬೇಕು. ಡಿವಿಡಿಯಲ್ಲಿ ಡೇಟಾ 0.6 ಮಿಮೀ ಒಳಗಿರುತ್ತಿತ್ತು, ಈಗಿನ ಗೇಮ್‌ಗಳು ಬರುವ ಬ್ಲೂ-ರೇ ಡಿಸ್ಕ್‌ನಲ್ಲಿ ಬರೀ 0.1. ಹಳೇ ಪಾಲಿಶ್ ಮಷೀನ್ ಇಲ್ಲಿ ಉಪಯೋಗಕ್ಕಿಲ್ಲ. ಆಳವಾದ ಗೀರು ಬಿದ್ದರೆ ಆ ಡಿಸ್ಕ್ ಕಥೆ ಮುಗಿಯಿತು. ಡಬ್ಬದೊಳಗೆ ಬೋನಸ್ ಕೋಡ್ ಚೀಟಿ ಇದ್ದರೆ ಮೂರು ದಿನ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಅವಧಿ ಮುಗಿದ ಮೇಲೆ ವಾಟ್ಸಾಪ್ ಮಾಡುತ್ತೇನೆ. ಡಿಸ್ಕೇ ಇಲ್ಲದೆ ಬರೀ ಕೋಡ್ ಇರುವ ಡಬ್ಬಗಳನ್ನು ಈ ಸ್ಕೀಮಿಗೆ ಸೇರಿಸಿಲ್ಲ.

ಕೆಲವರು ತಮ್ಮನ ಅಕೌಂಟ್‌ನಲ್ಲಿ ಆಡಿ, ತಮ್ಮ ಅಕೌಂಟ್‌ನ ಫೋಟೋ ತರುತ್ತಾರೆ. ಅದನ್ನು ಹಿಡಿಯುವ ಒಂದು ಉಪಾಯ ನನ್ನ ಹತ್ತಿರ ಇದೆ. ಡಿಸ್ಕ್ ಬದಲಾಯಿಸಿ ತಂದವರನ್ನು ಹಿಡಿಯಲು ಒಂದು ಗುರುತೂ ಇದೆ. ಎರಡನ್ನೂ ಇಲ್ಲಿ ಬರೆಯುವುದಿಲ್ಲ, ನನ್ನ ಗಿರಾಕಿಗಳೂ ಇದನ್ನು ಓದುತ್ತಾರೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅಂಗಡಿಯಲ್ಲೇ ಟಿವಿ ಇಟ್ಟು, ಗಂಟೆಗೆ 60 ರೂಪಾಯಿಗೆ ಆಡಿ ನೋಡಿ, ಕೊಂಡರೆ ಅದು ಬೆಲೆಯಲ್ಲಿ ವಜಾ ಅಂತ. ಫುಟ್‌ಬಾಲ್ ಹುಡುಗರು ಕುರ್ಚಿ ಬಿಡಲೇ ಇಲ್ಲ, ನೋಡಿ ಕೊಳ್ಳುವವರಿಗೆ ಜಾಗವೇ ಸಿಗಲಿಲ್ಲ. ಫುಟ್‌ಬಾಲ್ ತೆಗೆದು ಒಬ್ಬರೇ ಆಡುವ ಗೇಮ್ ಮಾತ್ರ ಇಟ್ಟ ಮೇಲೆ ಸರಿಯಾಯಿತು. ಅಲ್ಲಿ ಆಡಿ ಕೊಂಡವರು ವಾಪಸ್ ತರುವುದು ತೀರಾ ಅಪರೂಪ. ವರ್ಷಕ್ಕೊಂದು ಹೊಸದು ಬರುವ ಎಫ್‌ಸಿ ಫುಟ್‌ಬಾಲ್ ಗೇಮನ್ನಂತೂ ಆಗಸ್ಟ್ ಮೇಲೆ ವಾಪಸ್ ತೆಗೆದುಕೊಳ್ಳಬೇಡಿ. ಸೆಪ್ಟೆಂಬರ್ ಕೊನೆಗೆ ಹೊಸದು ಬಂದರೆ ಹಳೆಯದನ್ನು ಅರ್ಧ ಬೆಲೆಗೂ ಕೇಳುವವರಿಲ್ಲ.

ಈಗ ನೂರಕ್ಕೆ ಏಳೆಂಟು ಡಿಸ್ಕ್ ವಾಪಸ್ ಬರುತ್ತವೆ. ಹೊಸ ಗೇಮಿನ ಮಾರಾಟ ಮೊದಲಿಗಿಂತ ಕಾಲುಭಾಗ ಜಾಸ್ತಿಯಾಗಿದೆ, ಯಾಕೆಂದರೆ ಹೆಸರು ಕೇಳದ ಗೇಮನ್ನೂ ಜನ ಧೈರ್ಯವಾಗಿ ಒಯ್ಯುತ್ತಾರೆ. ಹಾಸನದ ನನ್ನ ಗೆಳೆಯನೂ ಇದನ್ನೇ ಶುರು ಮಾಡಿದ್ದಾನೆ. ಅವನ ಕಡೆ ಹಾಸ್ಟೆಲ್ ಹುಡುಗರು ಜಾಸ್ತಿ, ಅದಕ್ಕೆ ಮೂರು ದಿನದ ಬದಲು ಎರಡೇ ದಿನ ಇಟ್ಟಿದ್ದಾನೆ.