ಮಕ್ಕಳ ಕಲ್ಯಾಣ ಸಮಿತಿ ಸದಸ್ಯರಾಗಬೇಕೇ? ಮೊದಲು ತಿಂಗಳ ದಿನ ಎಣಿಸಿ

ಸಮಿತಿ ಅಂದ ತಕ್ಷಣ ತಿಂಗಳಿಗೊಂದು ಮೀಟಿಂಗು, ಚಹಾ ಬಿಸ್ಕತ್ತು, ಒಂದು ಠರಾವು ಅಂದುಕೊಂಡಿದ್ದರೆ ಇದು ಅದಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿ ಇದೆ. ಎಲ್ಲರ ಬಾಯಲ್ಲಿ ಅದು ಸಿಡಬ್ಲ್ಯುಸಿ. ಮನೆ ಬಿಟ್ಟ, ಆಸರೆ ಇಲ್ಲದ ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವುದು ಅದರ ಕೆಲಸ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಒಬ್ಬರಾದರೂ ಮಹಿಳೆ ಇರಲೇಬೇಕು. ಸರ್ಕಾರಿ ನೌಕರಿಯಲ್ಲ, ಆದರೂ ಪೀಠವಾಗಿ ಕೂರುವ ಈ ಸಮಿತಿಗೆ ಮೊದಲ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಇದೆ.

ಆದ್ದರಿಂದ ಅರ್ಜಿಗಿಂತ ಮೊದಲು ಕ್ಯಾಲೆಂಡರ್ ತೆಗೆಯಿರಿ. ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು. ವರ್ಷದಲ್ಲಿ ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ಸದಸ್ಯತ್ವ ಹೋಗುತ್ತದೆ. ಸಿಗುವುದು ಸಂಬಳವಲ್ಲ, ಕೂತ ದಿನದ ಗೌರವಧನ. ‘ಬಿಡುವಾದಾಗ ಬರ್ತೀನಿ’ ಅನ್ನುವವರು ಇಲ್ಲೇ ನಿಲ್ಲಬಹುದು.

ಅರ್ಹತೆಯನ್ನು 2021ರ ತಿದ್ದುಪಡಿ ಬಿಗಿ ಮಾಡಿತು. ಮಕ್ಕಳ ಮನಃಶಾಸ್ತ್ರ, ಕಾನೂನು, ಸಮಾಜಕಾರ್ಯ, ಸಮಾಜಶಾಸ್ತ್ರ, ಶಿಕ್ಷಣದಂಥ ವಿಷಯದಲ್ಲಿ ಪದವಿ ಬೇಕು. ಜೊತೆಗೆ ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದಲ್ಲಿ ಏಳು ವರ್ಷ ಕೆಲಸ ಮಾಡಿರಬೇಕು. ಅಥವಾ ಆ ಪದವಿ ಇಟ್ಟುಕೊಂಡು ವೃತ್ತಿ ಮಾಡುತ್ತಿರಬೇಕು. ಜಿಲ್ಲೆಯಲ್ಲಿ ಮಕ್ಕಳ ಪಾಲನಾ ಸಂಸ್ಥೆಯ ಆಡಳಿತದಲ್ಲಿರುವವರು ಸದಸ್ಯರಾಗುವಂತಿಲ್ಲ. ಸರಿಯೇ ಅಲ್ವಾ? ಮಗುವನ್ನು ಕಳಿಸುವವರೂ ಇಟ್ಟುಕೊಳ್ಳುವವರೂ ಒಬ್ಬರೇ ಆದರೆ ಕೇಳುವವರು ಯಾರು?

ಅವಧಿ ಹೆಚ್ಚೆಂದರೆ ಮೂರು ವರ್ಷ. ಅದು ಮುಗಿಯುವ ಹೊತ್ತಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಅರ್ಜಿ ಕರೆಯುತ್ತದೆ. ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಆಗಾಗ ವಿಚಾರಿಸುತ್ತಿರಿ. ಅನುಭವ ಪತ್ರದಲ್ಲಿ ‘ಸಮಾಜಸೇವೆ ಮಾಡಿದ್ದಾರೆ’ ಅಂತ ಸುಮ್ನೆ ಒಂದು ಸಾಲು ಬರೆಸಬೇಡಿ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಮಕ್ಕಳ ಜೊತೆ, ಏನು ಕೆಲಸ ಅನ್ನುವುದು ಇರಲಿ. ಆಯ್ಕೆ ಸಮಿತಿ ಸಂದರ್ಶನ ಮಾಡುತ್ತದೆ. ನೇಮಕದ ಅಧಿಸೂಚನೆ ಬಂದ ಎರಡು ತಿಂಗಳೊಳಗೆ ತರಬೇತಿ ಕೊಡಬೇಕು. ತಪ್ಪಿಸಿಕೊಳ್ಳಬೇಡಿ.

ಇನ್ನು ನಿಜವಾದ ಕೆಲಸ. ಹೀಗೊಂದು ದಿನ ಅಂದುಕೊಳ್ಳಿ. ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕ ಹನ್ನೆರಡು ವರ್ಷದ ಹುಡುಗನನ್ನು ಕರೆತಂದಿದ್ದಾರೆ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅವನು ನಿಮ್ಮ ಮುಂದೆ ಇರಬೇಕು. ಊರು ಯಾವುದು ಅಂದರೆ ನೆಲ ನೋಡುತ್ತಾನೆ. ಮತ್ತೆ ಅದೇ ಪ್ರಶ್ನೆ ಹಾಕಬೇಡಿ. ಊಟ ಆಯಿತಾ ಕೇಳಿ. ಪಕ್ಕದಲ್ಲಿ ಕೂತು, ‘ನಿಮ್ಮೂರ ಜಾತ್ರೆ ಯಾವಾಗಪ್ಪಾ? ತೇರು ಎಳೀತೀರಾ?’ ಅನ್ನಿ. ಊರ ಹೆಸರು ಹೇಳದವನು ತೇರಿಗೆ ಉತ್ತತ್ತಿ ಎಸೆದದ್ದನ್ನು ಹೇಳುತ್ತಾನೆ. ಅಲ್ಲಿಂದ ಅಪ್ಪನ ಕುಡಿತಕ್ಕೆ, ಏಟಿಗೆ ಬರಲು ಇನ್ನೊಂದು ಗಂಟೆ ಬೇಕಾಗಬಹುದು. ಬೇಕಾದರೆ ಇನ್ನೊಂದು ದಿನ.

ಆಗ ಪೆನ್ನು ಬಾಲಮಂದಿರದ ಕಡೆ ವಾಲುತ್ತದೆ. ಬರೆಯಲು ಅದೇ ಸುಲಭದ ಆದೇಶ. ಆದರೆ ಕಾಯ್ದೆಯ ಪ್ರಕಾರ ಮಗುವನ್ನು ಇಂಥ ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ. ಇವತ್ತು ರಾತ್ರಿಗೆ ಅದೇ ಬೇಕಾದರೂ, ಮನೆಯ ಸ್ಥಿತಿ ತಿಳಿಯಲು ಸಾಮಾಜಿಕ ತನಿಖೆಗೆ ಆದೇಶಿಸಿ. ಅದಕ್ಕೆ 15 ದಿನ ಇದೆ. ವರದಿ ಬಂದಾಗ ಸೋದರಮಾವನೋ ಅಜ್ಜಿಯೋ ಇದ್ದಾರಾ ನೋಡಿ. ಅಜ್ಜಿಗೆ ಮನಸ್ಸಿದೆ, ದುಡ್ಡಿಲ್ಲ ಅಂದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹುಡುಗನನ್ನೂ ಕೇಳಿ, ಅವನು ಹೇಳಿದ್ದನ್ನು ಬರೆದುಕೊಳ್ಳಿ.

ಮನೆಗೆ ಹೋಗಿ ಇದನ್ನು ಹೆಂಡತಿ ಅಥವಾ ಗಂಡನ ಹತ್ತಿರವೂ ಹೆಸರು ಹಿಡಿದು ಹೇಳಬೇಡಿ. ವಾಟ್ಸ್ಆ್ಯಪ್‌ನಲ್ಲಿ ಮಗುವಿನ ಫೋಟೋ ಅಂತೂ ಬೇಡವೇ ಬೇಡ. ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಏಳು ವರ್ಷದ ಅನುಭವ ಇಲ್ಲದವರು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣಗಳಲ್ಲಿ ಬೆಂಬಲ ವ್ಯಕ್ತಿಯಾಗಿ ಶುರು ಮಾಡಬಹುದು. ನೇಮಿಸುವುದು ಇದೇ ಸಮಿತಿ. ಪೊಲೀಸ್ ಠಾಣೆ, ಆಸ್ಪತ್ರೆ, ಕೋರ್ಟು ಅಂತ ಮಗುವಿನ ಜೊತೆ ಅಲೆಯುವ ಕೆಲಸ. ಹೆಸರು ಕೊಡಲು ಮತ್ತೆ ಅದೇ ರಕ್ಷಣಾ ಘಟಕದ ಬಾಗಿಲು.