ಒಬ್ಬರಿಗಾಗುವಷ್ಟು ಕ್ಯಾರಮೆಲ್ ಬಾಳೆಹಣ್ಣು, ಎಂಟು ನಿಮಿಷದಲ್ಲಿ

ಹತ್ತು ಜನಕ್ಕೆ ಮಾಡುವಾಗ ಕೈಕೊಡದ ಕ್ಯಾರಮೆಲ್ ಒಬ್ಬರಿಗೆ ಮಾಡಲು ಹೊರಟಾಗ ಕೈಕೊಡುತ್ತದೆ. ಬಾಣಲೆಯಲ್ಲಿ ಅರ್ಧ ಕೆಜಿ ಸಕ್ಕರೆ ಇದ್ದರೆ ಅದು ನಿಧಾನವಾಗಿ ಕಾಯುತ್ತದೆ, ಬಣ್ಣ ತಿರುಗುವುದನ್ನು ನಿಂತು ನೋಡಬಹುದು. ಒಬ್ಬರಿಗೆ ಸಾಕಾಗುವ ನಾಲ್ಕು ಟೀ ಚಮಚ ಸಕ್ಕರೆ ತಳದಲ್ಲಿ ತೆಳ್ಳನೆಯ ಪದರವಾಗಿ ಹರಡಿಕೊಂಡಿರುತ್ತದೆ. ಹೊಂಬಣ್ಣದಿಂದ ಕಪ್ಪಿಗೆ ಹೋಗಲು ಅದಕ್ಕೆ ಇಪ್ಪತ್ತು ಸೆಕೆಂಡು ಸಾಕು. ಈ ಅಡುಗೆಯ ಕಸುಬೆಲ್ಲ ಆ ಇಪ್ಪತ್ತು ಸೆಕೆಂಡಿನಲ್ಲಿದೆ. ಬಣ್ಣ ಬಂದ ಕೂಡಲೇ ಹಣ್ಣು ಬಾಣಲೆಗೆ ಬೀಳಬೇಕು. ಹಣ್ಣಿನ ನೀರಿನಂಶವೇ ಸಕ್ಕರೆಗೆ ಬ್ರೇಕು.

ತುಮಕೂರಿನಲ್ಲಿ ರೂಮು ಮಾಡಿಕೊಂಡು ಓದುವವರಿಗೂ, ವಸಂತನರಸಾಪುರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಒಬ್ಬರೇ ಊಟಕ್ಕೆ ಕೂರುವವರಿಗೂ ಬೇಕಾದ ಸಾಮಾನು ಬೀದಿ ತುದಿಯ ಅಂಗಡಿಯಲ್ಲೇ ಸಿಗುತ್ತದೆ. ಎರಡು ದಪ್ಪ ಏಲಕ್ಕಿ ಬಾಳೆಹಣ್ಣು, ಇಲ್ಲವೇ ಒಂದು ಪಚ್ಚಬಾಳೆ. ಸಿಪ್ಪೆ ಸುಲಿದ ಮೇಲೆ ಸುಮಾರು 100 ಗ್ರಾಂ ಇರಬೇಕು. ತಲೆ ಸವರಿ ಅಳೆದ 4 ಟೀ ಚಮಚ ಸಕ್ಕರೆ, ಅಂದರೆ 16 ಗ್ರಾಂ. 1 ಟೀ ಚಮಚ ಬೆಣ್ಣೆ, ಚಿಟಿಕೆ ಉಪ್ಪು, ಕುಟ್ಟಿದ ಒಂದು ಏಲಕ್ಕಿ, 2 ಟೇಬಲ್ ಚಮಚ ತೆಂಗಿನ ಗಟ್ಟಿ ಹಾಲು, ಮೇಲೆ ಉದುರಿಸಲು ಹುರಿದು ಸಿಪ್ಪೆ ತೆಗೆದ ಹತ್ತು ಹನ್ನೆರಡು ಕಡಲೆಕಾಯಿ ಬೀಜ. ಪಾವಗಡ, ಶಿರಾ, ಮಧುಗಿರಿ ಕಡೆಯ ಕಡಲೆಕಾಯಿ ಮನೆಯಲ್ಲಿದ್ದರೆ ಗೋಡಂಬಿ ಹುಡುಕಿಕೊಂಡು ಹೋಗಬೇಡಿ. ಕ್ಯಾರಮೆಲ್ಲಿನ ಸಣ್ಣ ಕಹಿಗೆ ಹುರಿದ ಕಡಲೆಕಾಯಿಯೇ ಚೆನ್ನಾಗಿ ಹೊಂದುತ್ತದೆ.

ಸಾಮಾನಿನ ಪಟ್ಟಿ ನೋಡಿದರೆ ಇದು ಬಾಳೆಹಣ್ಣಿನ ರಸಾಯನದ ನೆಂಟನೇ. ಹಾಗಿದ್ದ ಮೇಲೆ ಬೆಲ್ಲ ಯಾಕಿಲ್ಲ? ಬೆಲ್ಲದಲ್ಲಿ ಸಕ್ಕರೆಯ ಜೊತೆಗೆ ಗ್ಲೂಕೋಸು, ಫ್ರಕ್ಟೋಸು, ಖನಿಜದ ಅಂಶ, ಒಂದಿಷ್ಟು ತೇವ ಎಲ್ಲವೂ ಇರುತ್ತವೆ. ಒಣ ಬಾಣಲೆಗೆ ಹಾಕಿದರೆ ನೊರೆ ಎದ್ದು, ಕರಗಿ ಮುಗಿಯುವ ಮೊದಲೇ ಅಲ್ಲಲ್ಲಿ ಸೀಯುತ್ತದೆ. ಮೊದಲೇ ಕಂದು ಬಣ್ಣದ್ದಾದ್ದರಿಂದ ಎಲ್ಲಿ ನಿಲ್ಲಿಸಬೇಕೆಂದು ಕಣ್ಣಿಗೆ ತಿಳಿಯುವುದೂ ಇಲ್ಲ. ಬೆಲ್ಲವೇ ಬೇಕೆಂದರೆ 4 ಟೀ ಚಮಚ ಬೆಲ್ಲದ ಪುಡಿಗೆ 1 ಟೇಬಲ್ ಚಮಚ ನೀರು ಹಾಕಿ ಕರಗಿಸಿ, ಸೋಸಿ, ಗುಳ್ಳೆ ದಪ್ಪವಾಗುವವರೆಗೆ ಕುದಿಸಿ ಹಣ್ಣು ಹಾಕಿ. ಅದೂ ಒಳ್ಳೆಯ ತಿಂಡಿಯೇ, ಆದರೆ ಬೇರೆ ತಿಂಡಿ.

ಬಾಣಲೆ

16 ಸೆಂಟಿಮೀಟರ್ ಅಗಲದ, ದಪ್ಪ ತಳದ ಸ್ಟೀಲ್ ಬಾಣಲೆ ಎಲ್ಲಕ್ಕಿಂತ ಒಳ್ಳೆಯದು. ಹೊಳೆಯುವ ತಳದಲ್ಲಿ ಸಕ್ಕರೆಯ ಬಣ್ಣ ಇದ್ದ ಹಾಗೆ ಕಾಣುತ್ತದೆ. ನಾನ್‌ಸ್ಟಿಕ್ ಕೂಡ ನಡೆಯುತ್ತದೆ, ಆದರೆ ಕಪ್ಪು ತಳದ ಮೇಲೆ ಕೆಂಪಾದದ್ದು ಯಾವುದು, ಸೀದದ್ದು ಯಾವುದು ಗೊತ್ತಾಗದು. ಪಕ್ಕದಲ್ಲಿ ಬಿಳಿ ತಟ್ಟೆ ಇಟ್ಟುಕೊಂಡು ಚಮಚದ ತುದಿಯಿಂದ ಒಂದು ಹನಿ ಬಿಟ್ಟು ನೋಡಬೇಕಾಗುತ್ತದೆ. ದೋಸೆ ಕಾವಲಿ ಬೇಡ. ಅಗಲ ಹೆಚ್ಚಾದಷ್ಟೂ ಸಕ್ಕರೆ ತೆಳ್ಳಗಾಗುತ್ತದೆ, ನಡುವೆ ಸೀಯುವಾಗ ಅಂಚಿನಲ್ಲಿ ಹರಳು ಹಾಗೇ ಕೂತಿರುತ್ತದೆ. ತೆಳು ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಉರಿ ತಾಗಿದ ಕಡೆ ಬಳೆಯ ಹಾಗೆ ಕಪ್ಪು ಕಟ್ಟುತ್ತದೆ.

ಗ್ಯಾಸ್ ಒಲೆಯಲ್ಲಿ ಚಿಕ್ಕ ಬರ್ನರ್ ಹಚ್ಚಿ. ಉರಿಯ ನಾಲಿಗೆ ಬಾಣಲೆಯ ಅಂಚು ದಾಟಿ ಮೇಲೆ ಬರಬಾರದು. ಇಂಡಕ್ಷನ್ ಒಲೆಯವರು ಒಮ್ಮೆಗೇ ಹೆಚ್ಚಿನ ಶಾಖಕ್ಕೆ ಹೋಗಬೇಡಿ. ಆ ಒಲೆ ಉಂಗುರದ ಆಕಾರದಲ್ಲಿ ಕಾಯಿಸುತ್ತದೆ, ಆದ್ದರಿಂದ ಬಾಣಲೆಯನ್ನು ಆಗಾಗ ಸ್ವಲ್ಪ ಸರಿಸುತ್ತಿರಿ.

ಹಣ್ಣು ಆರಿಸುವುದು

ಚುಕ್ಕೆ ಬಿದ್ದ, ಚಿಪ್ಪಿನಿಂದ ತಾನಾಗಿ ಉದುರುವಷ್ಟು ಮಾಗಿದ ಏಲಕ್ಕಿ ಬಾಳೆ ಹಾಗೇ ತಿನ್ನಲು ಸೊಗಸು. ಬಾಣಲೆಗೆ ಹಾಕಿದರೆ ಅದು ಅರ್ಧ ನಿಮಿಷದಲ್ಲಿ ಗೊಜ್ಜಾಗುತ್ತದೆ. ಇಲ್ಲಿಗೆ ಬೇಕಾದದ್ದು ಒಂದು ದಿನ ಹಿಂದಿನ ಹಣ್ಣು: ಮೈಯೆಲ್ಲ ಹಳದಿ, ತೊಟ್ಟಿನ ಹತ್ತಿರ ತುಸು ಹಸಿರು, ಒತ್ತಿದರೆ ಬೆರಳಿಗೆ ಗಟ್ಟಿ. ಹಸಿರು ಇನ್ನೂ ಹೆಚ್ಚಿದ್ದರೆ ಒಗರು ಉಳಿಯುತ್ತದೆ, ಎಷ್ಟು ಕ್ಯಾರಮೆಲ್ ಸುರಿದರೂ ಹೋಗುವುದಿಲ್ಲ. ಏಲಕ್ಕಿ ಬಾಳೆಯಲ್ಲಿರುವ ಸಣ್ಣ ಹುಳಿ ಸಕ್ಕರೆಯ ಮೊಂಡು ಸಿಹಿಯನ್ನು ಮುರಿಯುತ್ತದೆ. ಪಚ್ಚಬಾಳೆಯಲ್ಲಿ ಆ ಹುಳಿ ಕಡಿಮೆ, ಅದಕ್ಕೆ ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ ಬೇಕು.

ಏಲಕ್ಕಿ ಬಾಳೆಯನ್ನು ಉದ್ದಕ್ಕೆ ಎರಡು ಹೋಳು ಮಾಡಿ. ಪಚ್ಚಬಾಳೆಯನ್ನು ಉದ್ದಕ್ಕೆ ಸೀಳಿ, ಮತ್ತೆ ಅಡ್ಡಕ್ಕೆ ಕತ್ತರಿಸಿ ನಾಲ್ಕು ಹೋಳು ಮಾಡಿ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಬೇಡಿ. ಹತ್ತು ಹದಿನೈದು ಬಿಲ್ಲೆಗಳನ್ನು ಒಂದೊಂದಾಗಿ ಮಗುಚುವಷ್ಟರಲ್ಲಿ ಮೊದಲು ಹಾಕಿದ್ದು ಸೀದಿರುತ್ತದೆ. ಕತ್ತರಿಸಿದ ಮೈಯನ್ನು ಒಣ ಬಟ್ಟೆಯಿಂದ ಮೆತ್ತಗೆ ಒತ್ತಿ ತೇವ ತೆಗೆಯಿರಿ.

ಒಲೆ ಹಚ್ಚುವ ಮೊದಲು

ಸಕ್ಕರೆ ಕಾಯಲು ಶುರುವಾದ ಮೇಲೆ ಫ್ರಿಜ್ ಬಾಗಿಲು ತೆಗೆಯಲು ಪುರುಸೊತ್ತಿಲ್ಲ. ಹಣ್ಣು, ಬೆಣ್ಣೆ, ಉಪ್ಪು, ಏಲಕ್ಕಿ ಪುಡಿ, ತೆಂಗಿನ ಹಾಲು, ಬಡಿಸುವ ಬಟ್ಟಲು ಎಲ್ಲವೂ ಕೈಗೆಟುಕುವಲ್ಲಿರಲಿ.

ತೆಂಗಿನ ಹಾಲಿಗೆ 3 ಟೇಬಲ್ ಚಮಚ ಹಸಿ ತೆಂಗಿನ ತುರಿಗೆ ಅಷ್ಟೇ ಬೆಚ್ಚಗಿನ ನೀರು ಹಾಕಿ ಐದು ನಿಮಿಷ ಬಿಟ್ಟು, ಕೈಯಲ್ಲಿ ಚೆನ್ನಾಗಿ ಕಿವುಚಿ, ತೆಳು ಬಟ್ಟೆಯಲ್ಲಿ ಹಿಂಡಿ. ಇಷ್ಟು ಕಡಿಮೆ ತುರಿ ಮಿಕ್ಸಿಯ ಬ್ಲೇಡಿಗೆ ಸಿಗುವುದಿಲ್ಲ, ಜಾರಿನ ಗೋಡೆಗೆ ಅಂಟಿಕೊಳ್ಳುತ್ತದೆ. ತಿಪಟೂರು ಸೀಮೆಯಿಂದ ಬರುವ ಬಲಿತ ಕಾಯಿಯಾದರೆ ಮೊದಲ ಹಿಂಡಿಗೇ ಗಟ್ಟಿ ಹಾಲು ಬರುತ್ತದೆ. ಎಳೆ ಕಾಯಲ್ಲಿ ಜಿಡ್ಡು ಕಡಿಮೆ, ಹಾಲು ನೀರಾಗಿರುತ್ತದೆ. ಹಿಂಡಿ ಉಳಿದ ತುರಿಯನ್ನು ಪಲ್ಯಕ್ಕೆ ಎತ್ತಿಡಿ. ಹಾಲು ತಣ್ಣಗಿರಬಾರದು, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿಕೊಳ್ಳಿ. ತಣ್ಣನೆಯ ಹಾಲು ಬಿದ್ದರೆ ಕ್ಯಾರಮೆಲ್ ಗಕ್ಕನೆ ಗಟ್ಟಿಯಾಗಿ ಸಿಡಿಯುತ್ತದೆ.

ಪಕ್ಕದಲ್ಲಿ ಒಂದು ಅಗಲದ ಪಾತ್ರೆಯಲ್ಲಿ ತಣ್ಣೀರು ಇಟ್ಟುಕೊಳ್ಳಿ. ಕೆಂಪಾದ ಸಕ್ಕರೆ 160 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರುತ್ತದೆ. ಚರ್ಮಕ್ಕೆ ಬಿದ್ದರೆ ಕುದಿಯುವ ನೀರಿನ ಹಾಗೆ ಹರಿದುಹೋಗದೆ ಅಂಟಿಕೊಂಡು ಸುಡುತ್ತದೆ. ಬೆರಳಲ್ಲಿ ರುಚಿ ನೋಡುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ಒಂದು ವೇಳೆ ಸಿಡಿದರೆ ಆ ಜಾಗವನ್ನು ಕೂಡಲೇ ತಣ್ಣೀರಿಗೆ ಅದ್ದಿ, ಆಮೇಲೆ ನಲ್ಲಿಯ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ.

ಮಾಡುವುದು

ಖಾಲಿ ಬಾಣಲೆಯನ್ನು ಸಣ್ಣ ಉರಿಯಲ್ಲಿ ಅರ್ಧ ನಿಮಿಷ ಕಾಯಿಸಿ. ಸಕ್ಕರೆಯನ್ನು ಒಂದೇ ಸಮನಾಗಿ ಉದುರಿಸಿ. ನೀರು ಬೇಡ, ಬೆಣ್ಣೆಯೂ ಈಗ ಬೇಡ, ಚಮಚವಂತೂ ಮುಟ್ಟಿಸಬೇಡಿ. ಸಿಹಿತಿಂಡಿಗೆ ಎಳೆ ಪಾಕ ಹಿಡಿದು ರೂಢಿಯಿರುವವರ ಕೈ ತಾನಾಗಿ ಸೌಟಿನ ಕಡೆ ಹೋಗುತ್ತದೆ. ಒಂದೆಳೆ ಪಾಕ ನೀರಿನಲ್ಲಿ ಕರಗಿದ ಸಕ್ಕರೆ, ಅದರ ಬಿಸಿ 110 ಡಿಗ್ರಿಯ ಒಳಗೇ ಇರುತ್ತದೆ. ಇಲ್ಲಿ ಹರಳು ನೀರಿಲ್ಲದೆ ಕರಗುತ್ತಿದೆ. ಕಲಕಿದರೆ ಕರಗಿದ್ದು ಕರಗದ ಹರಳಿಗೆ ಅಂಟಿ ಗಂಟು ಕಟ್ಟುತ್ತದೆ, ಆಮೇಲೆ ಆ ಗಂಟು ಕರಗುವಷ್ಟರಲ್ಲಿ ಉಳಿದದ್ದು ಸೀಯುತ್ತದೆ.

ಎರಡು ನಿಮಿಷದ ಸುಮಾರಿಗೆ ಅಂಚಿನಲ್ಲೋ ನಡುವೆಯೋ ನೀರಾಡಲು ಶುರುವಾಗುತ್ತದೆ. ಆಗ ಬಾಣಲೆಯ ಹಿಡಿ ಹಿಡಿದು ಮೆಲ್ಲಗೆ ಓಲಾಡಿಸಿ, ಕರಗಿದ್ದು ಕರಗದ್ದರ ಮೇಲೆ ಹರಿಯಲಿ. ಇನ್ನೊಂದು ನಿಮಿಷಕ್ಕೆ ಪೂರ್ತಿ ಕರಗಿ ಜೇನುತುಪ್ಪದ ಬಣ್ಣ ಬರುತ್ತದೆ. ಕಣ್ಣು ತೆಗೆಯಬೇಡಿ. ಜೇನಿನ ಬಣ್ಣದಲ್ಲಿ ಬರೀ ಸಿಹಿ ಇದೆ. ಹಾಲು ಹಾಕದ ಚಹಾದ ಬಣ್ಣ ದಾಟಿ, ಉಜ್ಜಿದ ತಾಮ್ರದ ಚೊಂಬಿನ ಬಣ್ಣಕ್ಕೆ ಬಂದಾಗ ಸಿಹಿ, ಕಹಿ, ಪರಿಮಳ ಮೂರೂ ಕೂಡುತ್ತವೆ. ಅದೇ ಹದ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಹೋದರೆ ಹೊತ್ತು ಮೀರಿತು. ಮೊದಲ ಸಲ ಮಾಡುವವರು ಚಹಾದ ಬಣ್ಣಕ್ಕೇ ಹಣ್ಣು ಹಾಕಿಬಿಡಿ. ಬಾಣಲೆಯ ತಳದ ಬಿಸಿಯಲ್ಲೇ ಅದು ಇನ್ನೊಂದು ಮೆಟ್ಟಿಲು ಕೆಂಪಾಗುತ್ತದೆ.

ಹೋಳುಗಳನ್ನು ಕತ್ತರಿಸಿದ ಮೈ ಕೆಳಗೆ ಬರುವಂತೆ ಇಡಿ. ಚುಂಯ್ ಎಂದು ಸದ್ದು ಬರುತ್ತದೆ, ಹಣ್ಣಿನ ಸುತ್ತ ಸಕ್ಕರೆ ಗಾಜಿನಂತೆ ಗಟ್ಟಿಯಾದ ಹಾಗೆ ಕಾಣುತ್ತದೆ. ಗಾಬರಿಯಾಗಿ ಉರಿ ದೊಡ್ಡದು ಮಾಡುವ ತಪ್ಪು ಆಗುವುದು ಇಲ್ಲೇ. ಸಣ್ಣ ಉರಿಯಲ್ಲೇ ಒಂದು ನಿಮಿಷ ಬಿಡಿ. ಹಣ್ಣು ರಸ ಬಿಡುತ್ತದೆ, ಗಟ್ಟಿಯಾದ ಸಕ್ಕರೆ ಆ ರಸದಲ್ಲಿ ತಾನಾಗಿ ಕರಗುತ್ತದೆ. ಈಗ ಬೆಣ್ಣೆ ಮತ್ತು ಉಪ್ಪು ಹಾಕಿ, ಬಾಣಲೆ ಓಲಾಡಿಸಿ, ದೋಸೆ ಮಗುಚುವ ಕೈಯಿಂದ ಹೋಳುಗಳನ್ನು ತಿರುವಿ. ಇನ್ನೊಂದು ಬದಿಗೆ ಅರ್ಧ ನಿಮಿಷ ಸಾಕು.

ಬೆಣ್ಣೆಯನ್ನು ಮೊದಲೇ ಹಾಕದಿರಲು ಕಾರಣವಿದೆ. ಅದರಲ್ಲಿರುವ ಹಾಲಿನಂಶ ಸಕ್ಕರೆ ಕೆಂಪಾಗುವ ಹೊತ್ತಿಗೆ ಕಪ್ಪಾಗತೊಡಗುತ್ತದೆ, ಸಕ್ಕರೆಯೂ ಜಿಡ್ಡಿನಲ್ಲಿ ತೇಲಾಡುತ್ತ ಹರಳಾಗಿಯೇ ಉಳಿಯುತ್ತದೆ. ಕೆನೆ ಕಡೆದು ತೆಗೆದ ಮನೆಯ ಬೆಣ್ಣೆಯಾದರೆ ಎರಡು ಮೂರು ನೀರಿನಲ್ಲಿ ತೊಳೆದು ಮಜ್ಜಿಗೆ ತೆಗೆಯಿರಿ, ಇಲ್ಲದಿದ್ದರೆ ಸಿಡಿಯುತ್ತದೆ. ತುಪ್ಪವೂ ಆಗುತ್ತದೆ, ಆದರೆ ತುಪ್ಪದಲ್ಲಿ ನೀರಿಲ್ಲ, ಸಕ್ಕರೆಯ ಜೊತೆ ಬೆರೆಯದೆ ಮೇಲೆ ತೇಲುತ್ತದೆ. ತುಪ್ಪ ಹಾಕಿದವರು ಜೊತೆಗೆ 1 ಟೀ ಚಮಚ ಬಿಸಿನೀರು ಹಾಕಿ ಬಾಣಲೆ ತಿರುಗಿಸಿ, ಕೂಡಿಕೊಳ್ಳುತ್ತದೆ.

ಒಲೆ ಆರಿಸಿ. ಹತ್ತು ಎಣಿಸಿ, ಬೆಚ್ಚಗಿನ ತೆಂಗಿನ ಹಾಲನ್ನು ಅಂಚಿನಿಂದ ಸುರಿದು, ಏಲಕ್ಕಿ ಪುಡಿ ಹಾಕಿ ಓಲಾಡಿಸಿ. ಹಾಲು ಹಾಕಿದ ಮೇಲೆ ಮತ್ತೆ ಕುದಿಸಬೇಡಿ, ಒಡೆದು ಎಣ್ಣೆ ಬಿಡುತ್ತದೆ. ದನದ ಹಾಲಿಗಿಂತ ತೆಂಗಿನ ಹಾಲನ್ನೇ ಹೇಳಲು ರುಚಿಯ ಜೊತೆ ಇನ್ನೊಂದು ಕಾರಣ: ಹುಳಿ ಇರುವ ಹಣ್ಣಿನ ರಸಕ್ಕೆ ಬಿಸಿ ಹಾಲು ಬಿದ್ದರೆ ಒಡೆದು ತರಿತರಿಯಾಗುತ್ತದೆ. ಹಾಲು ಬೇಡವೆನ್ನುವವರು 1 ಟೇಬಲ್ ಚಮಚ ಬಿಸಿನೀರು ಹಾಕಿ, ಬಟ್ಟಲಿಗೆ ಬಗ್ಗಿಸಿ, ಮೇಲೆ ಒಂದು ಚಮಚ ವೆನಿಲ್ಲಾ ಐಸ್‌ಕ್ರೀಮನ್ನೋ, ನೀರು ಬಸಿದ ಗಟ್ಟಿ ಮೊಸರನ್ನೋ ಇಡಬಹುದು. ಬಿಸಿ ಹಣ್ಣಿಗೆ ತಣ್ಣನೆಯ ಮೊಸರು ಬಹಳ ಚೆನ್ನ. ಕಡಲೆಕಾಯಿ ಬೀಜವನ್ನು ತಿನ್ನುವ ಹೊತ್ತಿಗೆ ಉದುರಿಸಿ, ಮೊದಲೇ ಹಾಕಿದರೆ ಮೆತ್ತಗಾಗುತ್ತದೆ. ಎರಡು ನಿಮಿಷ ಆರಿಸಿಯೇ ಬಾಯಿಗಿಡಿ.

ಕೆಟ್ಟರೆ

ಹಣ್ಣು ಹಾಕುವ ಮೊದಲೇ ಸಕ್ಕರೆ ಕಪ್ಪಾಗಿ ಹೊಗೆಯಾಡಿತೇ? ಅದನ್ನು ಸರಿಪಡಿಸುವ ದಾರಿ ಇಲ್ಲ. ಬೆಣ್ಣೆ ಸುರಿದರೂ, ಹಾಲು ಸುರಿದರೂ ಕಹಿ ಉಳಿಯುತ್ತದೆ. ಒಂದು ರೂಪಾಯಿಯೂ ಆಗದ ಸಕ್ಕರೆ, ಬಿಟ್ಟುಬಿಡಿ, ಹಣ್ಣು ಉಳಿಸಿಕೊಳ್ಳಿ. ಒಲೆ ಆರಿಸಿ, ಬಾಣಲೆ ತಣ್ಣಗಾದ ಮೇಲೆ ತೊಳೆದು ಮತ್ತೆ ಶುರು ಮಾಡಿ.

ದಪ್ಪ ಹರಳಿನ ಸಕ್ಕರೆ ಸಮನಾಗಿ ಕರಗುವುದಿಲ್ಲ, ಕುಟ್ಟಾಣಿಯಲ್ಲಿ ಎರಡು ಪೆಟ್ಟು ಕೊಟ್ಟು ಹಾಕಿ. ಕೊನೆಗೂ ಹರಳು ಉಳಿದಿದ್ದರೆ ಚಿಂತೆಯಿಲ್ಲ, ಹಣ್ಣಿನ ರಸದಲ್ಲಿ ಕರಗುತ್ತದೆ. ಸಾಸು ನೀರುನೀರಾದರೆ ಹಣ್ಣು ಹೆಚ್ಚು ಮಾಗಿತ್ತು ಎಂದರ್ಥ. ಹಾಲು ಹಾಕುವ ಮೊದಲು ಹೋಳುಗಳನ್ನು ಬಟ್ಟಲಿಗೆ ತೆಗೆದು, ಉಳಿದ ರಸವನ್ನು ಅರ್ಧ ನಿಮಿಷ ಕುದಿಸಿ. ನೆಂಟರು ಬಂದರೆಂದು ಅದೇ ಚಿಕ್ಕ ಬಾಣಲೆಗೆ ಎರಡರಷ್ಟು ಹಣ್ಣು ತುಂಬಬೇಡಿ. ಹೋಳುಗಳು ಒಂದರ ಮೇಲೊಂದು ಬಿದ್ದು ಬೇಯುತ್ತವೆಯೇ ಹೊರತು ಕೆಂಪಾಗುವುದಿಲ್ಲ. ಎರಡು ಸಲ ಮಾಡಿ.

ಬೇರೆ ಹಣ್ಣು

ಮೇ ಕೊನೆಯಿಂದ ಜುಲೈವರೆಗೆ ಶ್ರೀನಿವಾಸಪುರದ ಮಾವು ಪೇಟೆಗೆ ಬರುವಾಗ ಬಾಳೆಯನ್ನು ಪಕ್ಕಕ್ಕಿಡಬಹುದು. ಇದಕ್ಕೆ ತೋತಾಪುರಿಯಷ್ಟು ಒದಗುವ ಮಾವು ಇನ್ನೊಂದಿಲ್ಲ. ತಿರುಳಿನ ಕಾರ್ಖಾನೆಗೆ ಹೋಗುವ ಹಣ್ಣೆಂದು ತಿನ್ನಲು ಆರಿಸದವರೇ ಹೆಚ್ಚು, ಆದರೆ ದೋರೆಗಾಯಿಯ ಹದದಲ್ಲಿ ಅದರ ಗಟ್ಟಿ ಹೋಳು ಬಾಣಲೆಯಲ್ಲಿ ಆಕಾರ ಬಿಡುವುದಿಲ್ಲ. ಅರ್ಧ ಹಣ್ಣನ್ನು ಬೆರಳು ದಪ್ಪ ಹೆಚ್ಚಿ, ಪ್ರತಿ ಬದಿಗೆ ಒಂದೂವರೆ ನಿಮಿಷ ಕೊಡಿ. ಬಾದಾಮಿಯೂ ಗಟ್ಟಿಯಿದ್ದಾಗ ಆಗುತ್ತದೆ. ರಸಪುರಿಯನ್ನು ಮಾತ್ರ ಒಲೆಗೆ ತರಬೇಡಿ, ಬರೀ ರಸವಾಗುತ್ತದೆ. ಅದು ಸೀಕರಣೆಗೇ ಸರಿ.

ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸು ಸಿಕ್ಕರೆ ಒಬ್ಬರ ಮನೆಗೆ ಹೇಳಿಮಾಡಿಸಿದ ಹಣ್ಣು. ಗಾತ್ರ ಚಿಕ್ಕದು, ಸುಮಾರು ಎರಡೂವರೆ ಕೆಜಿ, ತೊಳೆ ಕೆಂಪು. ನಾಲ್ಕು ತೊಳೆ ಬೀಜ ತೆಗೆದು, ಸೀಳಿ ಬಿಡಿಸಿ ಹಾಕಿ. ಹಲಸು ತಾನೇ ಬಹಳ ಸಿಹಿ, ಸಕ್ಕರೆ 3 ಟೀ ಚಮಚಕ್ಕೆ ಇಳಿಸಿ, ಉಪ್ಪು ಮರೆಯಬೇಡಿ. ಅನಾನಸಿಗೆ ಮೊದಲು ಸಕ್ಕರೆಯಿಲ್ಲದೆ ಒಂದು ನಿಮಿಷ ಬಾಡಿಸಿ ನೀರು ಆರಿಸಿ, ತಟ್ಟೆಗೆ ತೆಗೆದು, ಬಾಣಲೆ ಒರೆಸಿ, ಆಮೇಲೆ ಕ್ಯಾರಮೆಲ್. ಚಿಕ್ಕಬಳ್ಳಾಪುರದ ದಿಲ್‌ಖುಷ್ ದ್ರಾಕ್ಷಿಯನ್ನು ಸೀಳಿ ಬೀಜ ತೆಗೆದು ಹಾಕಿದರೆ ಮುಕ್ಕಾಲು ನಿಮಿಷದ ಕೆಲಸ. ಬೆಂಗಳೂರು ನೀಲಿ ದ್ರಾಕ್ಷಿಯ ಸಿಪ್ಪೆ ಕಳಚಿಕೊಂಡು ಬೀಜ ಬೇರೆಯಾಗಿ ಬಾಯಿಗೆ ಕಿರಿಕಿರಿ, ಅದನ್ನು ಜ್ಯೂಸಿಗೆ ಬಿಡಿ. ಸಪೋಟ ಬೇಡ, ಮೆತ್ತಗಾಗಿ ಬಾಣಲೆಗೆ ಹತ್ತಿಕೊಳ್ಳುತ್ತದೆ.

ತಳಕ್ಕೆ ಅಂಟಿದ ಕ್ಯಾರಮೆಲ್ಲನ್ನು ಉಜ್ಜಿ ಕೈ ನೋಯಿಸಿಕೊಳ್ಳಬೇಕಿಲ್ಲ. ಬಾಣಲೆ ಸ್ವಲ್ಪ ಆರಿದ ಮೇಲೆ ಮುಳುಗುವಷ್ಟು ನೀರು ಹಾಕಿ ಮೂರು ನಿಮಿಷ ಕುದಿಸಿ ಚೆಲ್ಲಿ, ಸ್ಟೀಲು ಮೊದಲಿನಂತೆ ಹೊಳೆಯುತ್ತದೆ.