ಹಳೇ ಡೆಸ್ಕ್‌ಟಾಪಿಗೆ ಎಸ್‌ಎಸ್‌ಡಿ ಮತ್ತು ರ‍್ಯಾಮ್: ಮೊದಲು ಬೋರ್ಡ್ ಓದಿ, ಆಮೇಲೆ ರೊಕ್ಕ ಕೊಡಿ

ಕಲಬುರಗಿಯ ಮನೆಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ ಇವತ್ತಿಗೂ ಓಡುತ್ತಿರುವ ಹಳೇ ಡೆಸ್ಕ್‌ಟಾಪ್‌ಗಳ ಪೈಕಿ ನನ್ನ ಕೈಗೆ ಹೆಚ್ಚಾಗಿ ಬರುವುದು ಎರಡು ಬಗೆ. ಒಂದು, ಜಿ41 ಚಿಪ್‌ಸೆಟ್ಟಿನ ಕೋರ್ 2 ಡ್ಯುಯೊ (ಚಿಪ್‌ಸೆಟ್ ಎಂದರೆ ಮದರ್‌ಬೋರ್ಡಿನ ಮುಖ್ಯ ನಿಯಂತ್ರಕ ಚಿಪ್). ಇನ್ನೊಂದು, ಎಚ್61 ಬೋರ್ಡಿನ ಎರಡನೇ ಅಥವಾ ಮೂರನೇ ಪೀಳಿಗೆಯ ಐ3. ಒಳಗೆ 2 ಜಿಬಿ ರ‍್ಯಾಮ್, 320 ಇಲ್ಲವೆ 500 ಜಿಬಿ ಹಾರ್ಡ್ ಡಿಸ್ಕ್. ಟೈಪಿಂಗ್, ಬ್ಯಾಂಕಿನ ಕೆಲಸ, ಮಕ್ಕಳ ಪಾಠ ಇಷ್ಟಕ್ಕೆ ಈ ಪ್ರೊಸೆಸರ್‌ಗಳು ಈಗಲೂ ಸಾಕು. ಸೋತಿರುವುದು ಡಿಸ್ಕ್ ಮತ್ತು ಮೆಮೊರಿ.

ಯಾವುದು ಮೊದಲು ಎಂಬುದನ್ನು ಟಾಸ್ಕ್ ಮ್ಯಾನೇಜರ್ ನೋಡಿ ತೀರ್ಮಾನಿಸುತ್ತೇನೆ. ದಿನಾ ಬಳಸುವ ಪ್ರೋಗ್ರಾಮ್‌ಗಳನ್ನೆಲ್ಲ ತೆರೆದಿಟ್ಟಾಗ ಮೆಮೊರಿ 60% ಇದ್ದು ಡಿಸ್ಕ್ 100% ತೋರಿಸಿದರೆ, ತಿರುಗುವ ಭಾಗಗಳಿಲ್ಲದೆ ಚಿಪ್‌ಗಳಲ್ಲೇ ಫೈಲುಗಳನ್ನಿಡುವ ಎಸ್‌ಎಸ್‌ಡಿ ಬೇಕು. ಮೆಮೊರಿಯೇ 90% ದಾಟಿದ್ದರೆ ಮೊದಲು ರ‍್ಯಾಮ್. ಮೆಮೊರಿ ಸಾಲದೆ ವಿಂಡೋಸ್ ಡಿಸ್ಕಿನ ಮೇಲೆ ಬರೆಯುತ್ತಿರುತ್ತದೆ, ಡಿಸ್ಕ್ ನಿಧಾನವಾಗಿ ಕಾಣುವುದು ಅದಕ್ಕೇ. 2 ಜಿಬಿ ಇದ್ದಲ್ಲಿ ಎರಡೂ ಬೇಕಾಗುತ್ತವೆ.

ಏನು ಕೊಳ್ಳುವ ಮುಂಚೆಯೂ ಹಳೇ ಡಿಸ್ಕಿನ ಆರೋಗ್ಯ ನೋಡಲೇಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳ ಕೊನೆಯ ಅಂಕಣ ಪೂರ್ತಿ ಸೊನ್ನೆ ಇರಬೇಕು. ಸಿ5 ಸೊನ್ನೆಗಿಂತ ಮೇಲಿದ್ದರೆ ಡಿಸ್ಕಿಗೆ ಓದಲಾಗದ ಜಾಗಗಳಿವೆ ಎಂದರ್ಥ. ಆಗ ಬೇರೆಲ್ಲ ಬಿಟ್ಟು ಫೋಟೊ, ಕಾಗದಪತ್ರಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಸಿ7 ಮಾತ್ರ ಏರುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನದು, ಡಿಸ್ಕಿನದಲ್ಲ. ಕೇಬಲ್ ಬದಲಿಸಿದರೆ ಏರುವುದು ನಿಲ್ಲುತ್ತದೆ, ಹಳೆಯ ಎಣಿಕೆ ಹಾಗೇ ಉಳಿಯುತ್ತದೆ.

ರ‍್ಯಾಮ್ ವಿಷಯದಲ್ಲಿ ಜನ ಹೆಚ್ಚು ರೊಕ್ಕ ಕಳೆದುಕೊಳ್ಳುತ್ತಾರೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ಮೈನ್‌ಬೋರ್ಡ್ ಪುಟದಲ್ಲಿ ಚಿಪ್‌ಸೆಟ್, ಎಸ್‌ಪಿಡಿ ಪುಟದಲ್ಲಿ ಈಗಿರುವ ರ‍್ಯಾಮಿನ ಬಗೆ ಬರೆದುಕೊಳ್ಳಿ. ಅಲ್ಲಿ ಡಿಡಿಆರ್3, 667 ಮೆಗಾಹರ್ಟ್ಸ್ ಎಂದಿದ್ದರೆ ಅದು ಡಿಡಿಆರ್3-1333, ಅಂದರೆ ಡಿಡಿಆರ್3 ಬಗೆಯ 1333 ವೇಗದ್ದು. ಸಿಪಿಯು-ಝಡ್ ಅರ್ಧ ವೇಗ ತೋರಿಸುತ್ತದೆ. ಎಚ್61ರಲ್ಲಿ ಎರಡೇ ಸ್ಲಾಟ್, ಗರಿಷ್ಠ 16 ಜಿಬಿ. 4 ಜಿಬಿಯ ಎರಡು ರ‍್ಯಾಮ್ ಕಡ್ಡಿ ಹಾಕುವುದು ನನ್ನ ಆಯ್ಕೆ, ಏಕೆಂದರೆ ಎರಡು ಸ್ಲಾಟೂ ತುಂಬಿದರೆ ಡ್ಯುಯಲ್ ಚಾನೆಲ್ (ಎರಡೂ ಕಡ್ಡಿಗಳನ್ನು ಒಟ್ಟಿಗೇ ಬಳಸುವ ವೇಗದ ದಾರಿ) ಸಿಗುತ್ತದೆ. ಈ ಯಂತ್ರಗಳಲ್ಲಿ ಗ್ರಾಫಿಕ್ಸ್ ಕೂಡ ಅದೇ ಮೆಮೊರಿಯನ್ನು ಬಳಸುವುದರಿಂದ ವ್ಯತ್ಯಾಸ ಗೊತ್ತಾಗುತ್ತದೆ. 1600 ವೇಗದ ಕಡ್ಡಿ ಹಾಕಿದರೂ ನಡೆಯುತ್ತದೆ, ಎರಡನೇ ಪೀಳಿಗೆಯ ಐ3 ಅದನ್ನು 1333ಕ್ಕೆ ಇಳಿಸಿ ಓಡಿಸುತ್ತದೆ.

ಜಿ41 ಹಟಮಾರಿ. ಗರಿಷ್ಠ 8 ಜಿಬಿ ಎಂದು ಬರೆದಿದ್ದರೂ ಯಾವ 4 ಜಿಬಿ ಕಡ್ಡಿಯಾದರೂ ಒಪ್ಪುವುದಿಲ್ಲ. ಎರಡೂ ಬದಿಗೆ 8ರಂತೆ 16 ಚಿಪ್ ಇರುವ ಕಡ್ಡಿಯೇ ಬೇಕು. ಒಂದೇ ಬದಿಗೆ 8 ಚಿಪ್ ಇರುವ ಹೊಸ ಕಡ್ಡಿಯ ಪ್ರತಿ ಚಿಪ್ಪಿನ ಸಾಂದ್ರತೆ 4 ಗಿಗಾಬಿಟ್; ಅದು ಈ ಚಿಪ್‌ಸೆಟ್ಟಿಗೆ ಅರ್ಥವಾಗದು. ಅರ್ಧ ಮೆಮೊರಿ ತೋರಿಸುತ್ತದೆ, ಇಲ್ಲವೆ ಪರದೆಯೇ ಹೊತ್ತುವುದಿಲ್ಲ. ಈ ಬೋರ್ಡ್‌ಗಳಲ್ಲಿ ಕೆಲವು ಡಿಡಿಆರ್2, ಕೆಲವು ಡಿಡಿಆರ್3. ಕಡ್ಡಿಯ ಕಾಲುಗಳ ನಡುವಿನ ಕಚ್ಚಿನ ಜಾಗ ಎರಡರಲ್ಲೂ ಬೇರೆ, ಒತ್ತಿ ಕೂರಿಸಲು ಹೋಗಬೇಡಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ‘ಎಎಂಡಿ ಓನ್ಲಿ’ ಕಡ್ಡಿಗಳನ್ನು ಇಂಟೆಲ್ ಬೋರ್ಡಿಗೆ ತರಲೇಬೇಡಿ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಿರಲಿ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇರಲಿ, ಹಳೇ ಕಡ್ಡಿ ಒಯ್ದು ತೋರಿಸಿ, ಹೊಂದದಿದ್ದರೆ ಬದಲಿಸಿಕೊಡುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಇನ್ನೊಂದು ಮಾತು: 32 ಬಿಟ್ ವಿಂಡೋಸ್ ಇದ್ದರೆ 8 ಜಿಬಿ ಹಾಕಿದರೂ 3.2ರಿಂದ 3.5 ಜಿಬಿಯಷ್ಟೇ ಕೆಲಸಕ್ಕೆ ಬರುವುದು. 64 ಬಿಟ್ ಹೊಸದಾಗಿ ಹಾಕಬೇಕು.

ಎಸ್‌ಎಸ್‌ಡಿಯಲ್ಲಿ ಅಷ್ಟು ಗೊಂದಲವಿಲ್ಲ. 2.5 ಇಂಚಿನ ಸಾಟಾ ತಗೊಳ್ಳಿ, 240 ಅಥವಾ 480 ಜಿಬಿ. ಬೋರ್ಡಿಗೇ ಸಿಕ್ಕಿಸುವ ಪಟ್ಟಿಯಂಥ ಎಂ.2 ಬೇಡ, ಈ ಬೋರ್ಡ್‌ಗಳಲ್ಲಿ ಅದಕ್ಕೆ ಸ್ಲಾಟೇ ಇಲ್ಲ. ಜಿ41, ಎಚ್61 ಎರಡರ ಸಾಟಾ ಪೋರ್ಟೂ 3 ಗಿಗಾಬಿಟ್ಟಿನವು, ಸೆಕೆಂಡಿಗೆ 300 ಎಂಬಿ ಮಿತಿ. ಹಾಗಾಗಿ 550 ಎಂಬಿ ಎಂದು ಪೆಟ್ಟಿಗೆಯ ಮೇಲೆ ಬರೆದದ್ದಕ್ಕೆ ಹೆಚ್ಚು ಕೊಡಬೇಕಿಲ್ಲ. ನಿಜವಾದ ಲಾಭ ಬೇರೆ ಕಡೆ ಇದೆ. ಹಾರ್ಡ್ ಡಿಸ್ಕಿನ ಹೆಡ್ಡು ಒಂದು ಚೂರು ಫೈಲಿನಿಂದ ಇನ್ನೊಂದಕ್ಕೆ ಸರಿಯಲು ಸುಮಾರು 10 ಮಿಲಿಸೆಕೆಂಡ್ ತಿನ್ನುತ್ತದೆ. ಸೆಕೆಂಡಿಗೆ ನೂರರಷ್ಟು ಓದು ಮಾತ್ರ. ಎಸ್‌ಎಸ್‌ಡಿಗೆ ಅದು ಸಾವಿರಗಟ್ಟಲೆ.

ಹಾಕುವ ಕ್ರಮ ಹೀಗೆ. ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಇಳಿಸಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿದ ಮೇಲೆಯೇ ರ‍್ಯಾಮ್ ಹಿಡಿಯಿರಿ. ವಾಡಿ, ಮಳಖೇಡ ಕಡೆ ಸಿಮೆಂಟ್ ಧೂಳು, ಶಹಾಬಾದ್ ಕಡೆ ಕಲ್ಲಿನ ಧೂಳು ಸ್ಲಾಟಿನೊಳಗೇ ಕೂತಿರುತ್ತದೆ. ಮೊದಲು ಒಣ ಬ್ರಷ್, ಆಮೇಲೆ ಕಡ್ಡಿಯ ಹಳದಿ ಕಾಲುಗಳಿಗೆ ಪೆನ್ಸಿಲ್ ರಬ್ಬರ್. ರಬ್ಬರಿನ ಪುಡಿ ಸ್ಲಾಟಿಗೆ ಬೀಳದಂತೆ ದೂರ ಹಿಡಿದು ಉಜ್ಜಿ. ಸಾಟಾ ಪವರ್ ಕನೆಕ್ಟರ್ ಇಲ್ಲದೆ ಮೋಲೆಕ್ಸ್ (ಹಳೇ ನಾಲ್ಕು ಪಿನ್ನಿನ ಪವರ್ ಪ್ಲಗ್) ಅಡಾಪ್ಟರ್ ಹಾಕಬೇಕಾದರೆ, ಒಂದೇ ತುಂಡಾಗಿ ಪ್ಲಾಸ್ಟಿಕ್ ಎರಕ ಹೊಯ್ದದ್ದು ಬೇಡ. ಅದರೊಳಗೆ ವೈರ್‌ಗಳು ಒಂದಕ್ಕೊಂದು ತಾಗಿ ಸುಟ್ಟುಹೋಗುವುದುಂಟು. ವೈರ್‌ಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದ್ದು ಕಾಣುವ ಬಗೆಯದು ಕೇಳಿ.

ಬಯಾಸಿನಲ್ಲಿ (ವಿಂಡೋಸಿಗೂ ಮುಂಚೆ ಬರುವ ಬೋರ್ಡಿನ ಸೆಟ್ಟಿಂಗ್ ಪರದೆ) ಸಾಟಾ ಮೋಡ್ ಐಡಿಇ ಎಂಬ ಹಳೇ ವಿಧಾನದಲ್ಲಿ ಇದ್ದರೆ, ಬೋರ್ಡಿನಲ್ಲಿ ಎಎಚ್‌ಸಿಐ ಆಯ್ಕೆ ಇದ್ದಲ್ಲಿ ವಿಂಡೋಸ್ ಹಾಕುವ ಮೊದಲೇ ಬದಲಿಸಿ. ಹಾಕಿದ ಮೇಲೆ ಬದಲಿಸಿದರೆ ನೀಲಿ ಪರದೆ ಬರುತ್ತದೆ. ಹಳೇ ಯಂತ್ರದಲ್ಲಿ ಬಯಾಸಿನ ಸೆಟ್ಟಿಂಗ್ ಉಳಿಸಿಡುವ ಸಿಆರ್2032 ಸೆಲ್ ಸತ್ತಿರುವುದೂ ಸಾಮಾನ್ಯ. ಸೆಲ್ ಸತ್ತರೆ, ಕರೆಂಟ್ ಹೋದಾಗಲೆಲ್ಲ ಬಯಾಸ್ ತನ್ನ ಮೂಲ ಐಡಿಇಗೆ ಮರಳುತ್ತದೆ, ಎಸ್‌ಎಸ್‌ಡಿಯೇ ಕೆಟ್ಟಿತು ಎಂದು ಜನ ತಿಳಿಯುತ್ತಾರೆ. ಕ್ಯಾಬಿನೆಟ್ ಬಿಚ್ಚಿದಾಗಲೇ ಹೊಸ ಸೆಲ್ ಹಾಕಿಬಿಡಿ.

ವಿಂಡೋಸ್ ಹಾಕುವಾಗ ಹಳೇ ಡಿಸ್ಕಿನ ಕೇಬಲ್ ತೆಗೆದಿಡಿ. ಇಲ್ಲದಿದ್ದರೆ ಬೂಟ್ ಫೈಲುಗಳು ಹಳೇ ಡಿಸ್ಕಿನಲ್ಲೇ ಕೂರಬಹುದು, ಅದು ಸತ್ತ ದಿನ ಎಸ್‌ಎಸ್‌ಡಿಯೂ ಏಳುವುದಿಲ್ಲ. ಹಳೇ ಡಿಸ್ಕಿನಿಂದ ಎಸ್‌ಎಸ್‌ಡಿಗೆ ನಕಲು ಮಾಡಿ ತಂದ ವಿಂಡೋಸ್ ಆದರೆ, ವಿಂಡೋಸಿನಲ್ಲೇ ಇರುವ ಎಂಎಸ್‌ಇನ್ಫೋ32ರಲ್ಲಿ ಪಾರ್ಟಿಷನ್ ಶುರುವಾಗುವ ಸಂಖ್ಯೆ ನೋಡಿ: 10,48,576 ಸರಿ. 32,256 ಇದ್ದರೆ ಅದು ಎಕ್ಸ್‌ಪಿ ಕಾಲದ ವಿಂಗಡಣೆ. 4096ರಿಂದ ಭಾಗವಾಗದ ಕಾರಣ ಎಸ್‌ಎಸ್‌ಡಿ ಪ್ರತಿ ಬರಹಕ್ಕೂ ಹೆಚ್ಚು ದುಡಿಯಬೇಕಾಗುತ್ತದೆ. ನಾನಂತೂ ನಕಲಿಗಿಂತ ಹೊಸದಾಗಿ ಹಾಕುವುದನ್ನೇ ಹೇಳುತ್ತೇನೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ 8 ಜಿಬಿಯಲ್ಲಿ ಹಗುರಾಗಿ ಓಡುತ್ತದೆ, ‘ನುಡಿ’ ಕನ್ನಡ ತಂತ್ರಾಂಶದಲ್ಲಿ ರೂಢಿಯಾದ ಕಗಪ ಕೀಲಿಮಣೆ ವಿನ್ಯಾಸವೂ ಅದರಲ್ಲಿದೆ. ಆದರೆ ನುಡಿಯ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಡಿಟಿಪಿ ಮಾಡುವವರು ಫೈಲುಗಳನ್ನು ತೆರೆದು ನೋಡಿಯೇ ಬದಲಾಯಿಸಬೇಕು.

ಕೊನೆಗೆ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ಒಂದು ರಾತ್ರಿ ಓಡಿಸುತ್ತೇನೆ. ಒಂದೇ ಒಂದು ಕೆಂಪು ಸಾಲು ಬಂದರೂ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿ, ತಪ್ಪಿದ್ದನ್ನು ಅಂಗಡಿಗೆ ಮರಳಿಸಿ. ಹಳೇ ಡಿಸ್ಕಿನ 05, ಸಿ5, ಸಿ6 ಸೊನ್ನೆ ಇದ್ದರೆ ಅದನ್ನು ಎರಡನೇ ಡಿಸ್ಕಾಗಿ ಮತ್ತೆ ಜೋಡಿಸಿ, ಫೋಟೊಗಳಿಗೆ ಸಾಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಅದರ ಶಾಖ 50 ಡಿಗ್ರಿ ದಾಟದಂತೆ ಮುಂಭಾಗದ ಫ್ಯಾನ್ ಹಾಕಿಸಿ, ಕ್ಯಾಬಿನೆಟ್ಟನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲಿಡಿ.